ಪಡುಗೋಡೆಯ ಬಾಗಿಲು

ಮಳೆ ನಿಂತ ಅರ್ಧ ಗಂಟೆಗೆ
ಡಾಕ್ಟರ್ ಪ್ರೂಯಿಟ್ ಅವರ ಹಳೇ ದವಾಖಾನೆಯ ಪಡುಗೋಡೆಯಲ್ಲಿ
ಒಂದು ಬಾಗಿಲು ಮೂಡುತ್ತದೆ.
ಸುತ್ತಲ ಇಟ್ಟಿಗೆ ಒಣಗಿ ತಿಳಿಗೆಂಪಾದರೂ
ಅಲ್ಲಿ ಮಾತ್ರ, ಮೂರಡಿ ಅಗಲ, ಆರೂವರೆ ಎತ್ತರ,
ಇನ್ನೂ ಒದ್ದೆ, ಕರಿಗೆಂಪು,
ಈಗಷ್ಟೇ ಯಾರೋ ತೆರೆದು ಒಳಹೋದ ಹಾಗೆ.

ಟಾಲ್ಬರ್ಟ್ ಕ್ರಾಸಿಂಗಿನಲ್ಲಿ ಎಲ್ಲರಿಗೂ ಗೊತ್ತು.
ಮೋಡ ಕವಿದರೆ ಜನ
ಕಡಲೆಕಾಯಿ ಬೆಳೆಯ ಬಗ್ಗೆ ಮಾತಾಡುತ್ತಾರೆ.

ಅದನ್ನು ಮುಚ್ಚಿದವನು ನಾನು.
ಗಾರೆಯವನ ಮಗ ಗಾರೆಯವ, ಕ್ಲಿಯೋಫಸ್ ಟಾರ್ವರ್.
ಅರವತ್ತಾರರ ಬೇಸಿಗೆ, ಹತ್ತೊಂಬತ್ತರ ಹರೆಯ.
ಗಂಟಲುಮಾರಿ ಬಂದಾಗ ಅವ್ವ
ಆ ಬಾಗಿಲಿಂದಲೇ ನನ್ನ ಹೊತ್ತು ಒಳಗೆ ಹೋಗಿದ್ದಳು.
ಒಂದು ಬೆಂಚು, ಒಂದು ಬಕೀಟು, ಕಿಟಕಿಯಿಲ್ಲ.
ಮುಂಬಾಗಿಲ ಕಡೆಯವರ ಕೆಮ್ಮು ಮುಗಿಯುವ ತನಕ
ನಮ್ಮ ಕಡೆಯ ಕೆಮ್ಮು ಕಾಯಬೇಕು.

ವಾಷಿಂಗ್ಟನ್ನಿನಿಂದ ಕಾಗದ ಬಂತು.
ಡಾಕ್ಟರು ಹ್ಯಾಟು ತೆಗೆದು ಬೆವರೊರೆಸಿಕೊಂಡು
‘ಗುರುತೇ ಸಿಗದ ಹಾಗೆ ಮುಚ್ಚು, ಹುಡುಗಾ’ ಅಂದರು.
ನನ್ನ ಹೆಸರು ಗೊತ್ತಿತ್ತು ಅವರಿಗೆ.
ಔಷಧಿ ಚೀಟಿಯ ಮೇಲೆ ಎಷ್ಟೋ ಸಲ ಬರೆದಿದ್ದರು.

ಈಗ ಅದು ತೆರಿಗೆ ಲೆಕ್ಕದ ಆಫೀಸು.
ಒಂದೇ ಬಾಗಿಲು, ಗಾಜಿನದು,
ಹತ್ತಿರ ಹೋದರೆ ಯಾರು ಏನು ಕೇಳದೆ ತಾನೇ ಸರಿಯುತ್ತದೆ.
ಒಳಗೆ ಆರ್ಡಿತ್ ಲ್ಯಾಸಿಟರ್ ನಗುತ್ತಾಳೆ,
ಹಲ್ಲಿಗೆ ಅಂಟುವಷ್ಟು ಸಿಹಿಯಾದ ನಗು.
ಪಕ್ಕದ ಕುರ್ಚಿಯಲ್ಲಿದ್ದ ಅವಳ ಕೈಚೀಲ
ತೊಡೆಯ ಮೇಲೆ ಬಂದು ಕೂರುತ್ತದೆ,
ಪಾಪ, ಅವಳಿಗೇ ಗೊತ್ತಾಗುವುದಿಲ್ಲ,
ಬೆಕ್ಕು ಎದ್ದು ಜಾಗ ಬದಲಿಸಿದ ಹಾಗೆ.

ನನಗೆ ಎಪ್ಪತ್ತೆಂಟು. ನಾನು ‘ಕ್ಲಿಯೋ’.
ನನ್ನ ಹಿಂದೆಯೇ ಬಂದ, ಮೀಸೆ ಮೂಡದ ಬ್ಯಾಂಕಿನ ಹುಡುಗ
‘ಮಿಸ್ಟರ್ ಹೇಗುಡ್’.

‘ನಮ್ಮೂರಲ್ಲಿ ಈಗ ಅಂಥದ್ದೆಲ್ಲ ಎಲ್ಲಿದೆ, ಅಲ್ವಾ ಕ್ಲಿಯೋ?’
ಅಲ್ವಾ ಅನ್ನುವುದಕ್ಕೆ ಇಲ್ಲಿ ಉತ್ತರ ಒಂದೇ.
ನಾನು ಛಾವಣಿ ನೋಡಿದೆ. ಮೂಲೆಯಲ್ಲಿ ಸೋರುತ್ತಿತ್ತು.

ಊರಿಗೆ ನೂರೈವತ್ತು ತುಂಬುತ್ತದಂತೆ.
ಪಡುಗೋಡೆಯ ತುಂಬ ಮ್ಯಾಗ್ನೋಲಿಯಾ ಬರೆಸುತ್ತಾರಂತೆ,
ಅಟ್ಲಾಂಟಾದಿಂದ ಚಿತ್ರಗಾರ ಬರುತ್ತಾನಂತೆ.
ಅದಕ್ಕೆ ಮೊದಲು ನಾನು ಸುಣ್ಣ ಬಳಿದು ಗೋಡೆ ಹದ ಮಾಡಿಕೊಡಬೇಕು.
‘ಆ ಒಂದು ಕಲೆ ಇದೆಯಲ್ಲ, ಅದು ಕಾಣಬಾರದು.’
ಆ ಕಲೆ ಕಾಣಬಾರದು, ಈ ಕಲೆ ಕಾಣಬೇಕು.
ಸರಿ.

ಈಗ ಹೇಳುತ್ತೇನೆ. ತೀರಿಹೋದ ನನ್ನ ಡೆಲ್ಫಿನ್‌ಗೆ ಬಿಟ್ಟು
ಬೇರೆ ಯಾರಿಗೂ ಹೇಳಿದವನಲ್ಲ.
ಅವತ್ತು ಅಂಗಳದಲ್ಲಿ ಎರಡು ರಾಶಿ ಇಟ್ಟಿಗೆ ಇದ್ದವು.
ಒಂದು ಗಟ್ಟಿ ಬೆಂದದ್ದು, ಆ ಗೋಡೆಗೇ ಒಡಹುಟ್ಟು.
ಇನ್ನೊಂದು ಹೊಳೆದಂಡೆಯ ಮಣ್ಣಿನದು, ಅರೆಬೆಂದದ್ದು,
ಉಗುರಲ್ಲಿ ಕೆರೆದರೆ ಪುಡಿ, ಎಷ್ಟು ಹೊಯ್ದರೂ ನೀರು ಕುಡಿಯುವ ಜಾತಿ.
ಒಣಗಿದ್ದಾಗ ಎರಡಕ್ಕೂ ಒಂದೇ ಬಣ್ಣ.
ಅಪ್ಪ ಕಲಿಸಿದ ಹಾಗೆ ನಾಲಗೆ ಇಟ್ಟು ನೋಡಿದೆ.
ಯಾವುದಕ್ಕೆ ನಾಲಗೆ ಅಂಟಿಕೊಂಡಿತೋ
ಆ ರಾಶಿಯಿಂದ ಎತ್ತಿಕೊಂಡೆ.

ಡಾಕ್ಟರು ಬಂದು ಕೈಯಾಡಿಸಿದರು,
ಕಣ್ಣು ಕಿರಿದು ಮಾಡಿ ದೂರದಿಂದ ನೋಡಿದರು,
ಮೆಚ್ಚಿ ನಾಲ್ಕು ಡಾಲರ್ ಹೆಚ್ಚಿಗೆ ಕೊಟ್ಟರು.
ಒಂಬತ್ತು ದಿನ ಮಳೆ ಬರಲಿಲ್ಲ.

ಆರ್ಡಿತ್ ಪೆನ್ನು ಹಿಡಿದು ಕಾಯುತ್ತಿದ್ದಾಳೆ.
ಆ ಇಟ್ಟಿಗೆಯ ಮೇಲೆ ಬಣ್ಣ ಎರಡು ವರ್ಷ ನಿಂತರೆ ಹೆಚ್ಚು.
ಮೊದಲು ಗುಳ್ಳೆ, ಆಮೇಲೆ ಸಿಪ್ಪೆ,
ಆಮೇಲೆ ಬಿಳಿ ಹೂವಿನ ನಡುವೆ ಮೂರಡಿ ಅಗಲ.

ಎಂಟುನೂರು ಡಾಲರ್, ಅಂದೆ.
ಒಪ್ಪಂದದ ಕಾಗದದಲ್ಲಿ ಹೆಸರು ಪೂರ್ತಿ ಬರೆಯಿರಿ, ಅಂದೆ:
ಮಿಸ್ಟರ್ ಕ್ಲಿಯೋಫಸ್ ಟಾರ್ವರ್.
ಪೆನ್ನು ಕಾಗದಕ್ಕೆ ತಾಗಿ
ಅಲ್ಲೇ ನಿಂತಿತು, ಒಂದು ಚುಕ್ಕೆಯ ಮೇಲೆ,
ಶಾಯಿ ಸ್ವಲ್ಪ ಹರಡುವಷ್ಟು ಹೊತ್ತು.
ಹೊರಗೆ ಹನಿ ಶುರುವಾಗಿತ್ತು.